ತುರಿಕೆ

ಇಲ್ಲಿ ಗೋಧಿಯಿಲ್ಲ, ಬತ್ತವಿಲ್ಲ,
ಸೀದು ಕರಿಕಾಗಿ ಉಳಿಯುವ ಕಾಳೊಂದೂ ಇಲ್ಲ.
ಪಾಪುವಾ ಗಿನಿಯ ಈ ಎತ್ತರದ ಜೌಗಿನಲ್ಲಿ
ಬೆಳೆದದ್ದೆಲ್ಲ ಗೆಡ್ಡೆ, ಕಂದು, ಜಲ್ಲೆ.
ತಿಂದರು. ಮಿಕ್ಕದ್ದು ಕೊಳೆಯಿತು.
ಕೊಳೆತದ್ದು ಮಣ್ಣಾಗಿ ಮತ್ತೆ ಗೆಡ್ಡೆಯಾಯಿತು.
ಅಗೆಯುವವರಿಗೆ ಇನ್ನೇನು ಸಿಗಬೇಕು?

ಕಲೆಗಳು.
ಬೂದು ಜೇಡಿಯ ಮೇಲೆ ದುಂಡನೆಯ ಕಪ್ಪು ಕಲೆಗಳು,
ಬಿಳಿ ಪಂಚೆಗೆ ತಾಗಿದ ಬಾಳೆಕರೆಯ ಹಾಗೆ
ಎಷ್ಟು ಮಳೆ ಒಗೆದರೂ ಹೋಗದವು.

ಟೇಪು ಹಿಡಿದವರು ಅಳೆದರು, ದಾರ ಕಟ್ಟಿದರು.
ಗುಡಿಸಲ ಕಂಬದ ಗುಳಿ ಎಂದರೊಬ್ಬರು,
ಬೇರು ಕೊಳೆತ ಜಾಗ ಎಂದರಿನ್ನೊಬ್ಬರು.
ದಿನಗೂಲಿಗೆ ಸನಿಕೆ ಹಿಡಿದ ಮುದುಕ ಪೊರ್ವಾ
ಮೂರು ದಿನ ಬಾಯಿ ಬಿಡಲಿಲ್ಲ.
ನಾಲ್ಕನೆಯ ದಿನ ಚಹದ ಲೋಟ ಕೆಳಗಿಟ್ಟು
ಚೂಪು ಕೋಲೊಂದನ್ನು ಪಕ್ಕದ ಕೆಸರಿಗೆ ಚುಚ್ಚಿ
ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ ಕಿತ್ತ.
ಈಗ ಬಿದ್ದ ತೂತು, ಏಳು ಸಾವಿರ ವರ್ಷದ ತೂತು
ಅಕ್ಕಪಕ್ಕ ಕೂತವು
ಒಂದೇ ಹೆರಿಗೆಯ ಅವಳಿಗಳ ಹಾಗೆ.
"ಕೆಸು ನೆಡೋದು ಹೀಗೆ," ಅಂದ.
"ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ."

ಅವನ ಮೊಮ್ಮಗಳು ಡೆಲ್ಮಾ, ಗೊರೋಕಾದಲ್ಲಿ ಓದಿದವಳು,
ಗುಂಡಿಯಿಂದ ಬಂದ ಕಲ್ಲಿನ ಚಕ್ಕೆಯ ಅಂಚನ್ನು
ಹನಿ ನೀರಲ್ಲಿ ತೊಳೆದು, ಆ ನೀರನ್ನೇ
ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು.
ಮೊದಲು ಕಂಡದ್ದು ಪಿಷ್ಟದ ಕಣ, ನುಚ್ಚಿಗಿಂತ ನುಚ್ಚು.
ಆಮೇಲೆ, ಅಡ್ಡಾದಿಡ್ಡಿ ಬಿದ್ದ ಸೂಜಿಗಳು,
ಎರಡೂ ತುದಿ ಚೂಪು.
ಯಾರದೋ ಗಂಟಲು ಕೆರೆಸಿದವು,
ಯಾರದೋ ಮಣಿಕಟ್ಟು ಕೆಂಪಾಗಿಸಿದವು.
ಆ ಯಾರದೋ ಹೆಸರು ಉಳಿಯಲಿಲ್ಲ, ನುಡಿ ಉಳಿಯಲಿಲ್ಲ,
ಎಲುಬು ಕೂಡ ಈ ಹುಳಿಮಣ್ಣಿನಲ್ಲಿ ಕರಗಿತು.
ತುರಿಕೆ ಉಳಿಯಿತು.

ಸಂಜೆ ಅಜ್ಜಿ ಬೆಂಕಿಯ ಬಳಿ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು,
ನಡುನಡುವೆ ಕೆಂಡಕ್ಕೆ ಕೈ ಕಾಯಿಸುತ್ತ, ಮತ್ತೆ ಹೆರೆಯುತ್ತ.
ಡೆಲ್ಮಾ ಹೇಳಹೊರಟಳು: ಸೂಜಿ, ಕಲ್ಲು, ಏಳು ಸಾವಿರ.
ಅಜ್ಜಿ ತಲೆಯೆತ್ತಲಿಲ್ಲ.
"ಕೆರೆಯೋದು ಗೊತ್ತು ಬಿಡು. ಕೆರೆದ ಮೇಲೂ
ಸುಟ್ಟು ನೋಡೋಣ ಅಂತ ಎರಡನೇ ಸಲ
ಬಾಯಿಗಿಟ್ಟಳಲ್ಲ ಒಬ್ಬಳು,
ಅವಳ ಸುದ್ದಿ ಇದ್ದರೆ ಹೇಳು."

ಅವಳ ಸುದ್ದಿ ಇರಲಿಲ್ಲ.

ಬಾಳೆಯದು ಇತ್ತು. ಬೀಜ ಬಿಟ್ಟುಕೊಟ್ಟ ಬಾಳೆ
ತಾನಾಗಿ ಬಲುದೂರ ನಡೆಯಲಾರದು.
ಕಂದನ್ನು ಯಾರೋ ಹೆಣೆದ ಚೀಲದಲ್ಲಿ ನೇತುಹಾಕಿ
ಹಣೆಯಿಂದ ಹೊತ್ತು ಕಣಿವೆ ಇಳಿಯಬೇಕು,
ದೋಣಿಯಲ್ಲಿ ಒದ್ದೆ ಪಾಚಿ ಸುತ್ತಿ ಕಾಯಬೇಕು,
ಸೊಸೆಗೆ, ಬೀಗರಿಗೆ,
ಜಗಳ ಹರಿದ ಮೇಲೆ ಹಗೆಯವರಿಗೆ ಕೊಡಬೇಕು.
ಕೊಟ್ಟರು. ಕಡಲು ದಾಟಿತು.
ನಕ್ಷೆಯ ಬಾಣ ಅಷ್ಟನ್ನೂ
ಒಂದೇ ಗೀಟಿನಲ್ಲಿ ಮುಗಿಸುತ್ತದೆ.

ಹೆರೆದಾದ ಮೇಲೆ ಅಜ್ಜಿ ಗೆಡ್ಡೆಗಳ ತಲೆಗಳನ್ನು
ಎಲೆಯಲ್ಲಿ ಸುತ್ತಿ ಎತ್ತಿಟ್ಟಳು, ನಾಳೆ ನೆಡಲಿಕ್ಕೆ.
ಬುಡ ಹೊಟ್ಟೆಗೆ, ತಲೆ ಮಣ್ಣಿಗೆ.
ಅವಳ ಅಮ್ಮ ಹೀಗೇ ಎತ್ತಿಟ್ಟದ್ದು, ಅವಳಮ್ಮ ಕೂಡ;
ಹಾಗೆ ನೋಡಿದರೆ ಈ ಗಿಡ
ಇನ್ನೂ ಒಮ್ಮೆಯೂ ಸತ್ತಿಲ್ಲ.
ಕೈಗಳಷ್ಟೇ ಬದಲಾದವು.

ಡೆಲ್ಮಾ ಪೊಟ್ಟಣ ಸರಿಸಿ ಪಕ್ಕಕ್ಕಿಟ್ಟಳು.
ಬರೆಯಬೇಕಾದ ವರದಿ ತೊಡೆಯ ಮೇಲಿತ್ತು.
ಮಣಿಕಟ್ಟು ಸಣ್ಣಗೆ ನವೆಯತೊಡಗಿತು.
ಕೆಂಡ ಹತ್ತಿರವೇ ಇತ್ತು;
ಕೈ ಕಾಯಿಸಲಿಲ್ಲ,
ಇನ್ನೊಂದು ಗಳಿಗೆ.