ಹದಿನೇಳನೆಯ ಕರಡು

ಬಾಡಿಗೆ ಕಟ್ಟದ ತಂತ್ರಾಂಶ ಮಾರ್ಚಿನಲ್ಲಿ ಬಾಗಿಲು ಹಾಕಿಕೊಂಡಿತು.
ಸಂಘದ ಹನ್ನೊಂದು ವರ್ಷದ ನಡಾವಳಿ ಒಳಗೇ ಉಳಿಯಿತು,
ಬೀಗದಕೈ ಯಾವ ದೇಶದಲ್ಲಿದೆಯೋ ಯಾರಿಗೆ ಗೊತ್ತು.
ಉಶಿಯಾ ಬಂದಳು, ಬೂಟಿನ ಮರಳು ಕೊಡವದೆ ಕೂತಳು,
ಬೇರೊಂದನ್ನು ಇಳಿಸಿಕೊಟ್ಟಳು.

"ಪುಕ್ಕಟೆಯೆ?" ದೊರಿಂಡಾ ಹುಬ್ಬೇರಿಸಿದಳು.
"ಪುಕ್ಕಟೆ ಮೀನು ಕೊಡುವವನು
ಕಿವಿರು ಎತ್ತಿ ನೋಡಲು ಬಿಡುವುದಿಲ್ಲ."
"ಇದರ ಕಿವಿರೂ ಎತ್ತಬಹುದು, ಹೊಟ್ಟೆಯನ್ನೂ ಬಗೆಯಬಹುದು,
ಮುಳ್ಳು ಕಂಡರೆ ನೀನೇ ಕಿತ್ತು
ಪಕ್ಕದ ಮನೆಗೂ ಹಂಚಬಹುದು" ಎಂದಳು ಹುಡುಗಿ.
ದೊರಿಂಡಾ ಬಗ್ಗಿ ಪರದೆಯನ್ನು ಮೂಸಿದಳು.
ನಾವು ನಕ್ಕೆವು.

ಬರೆಯಬೇಕಾಗಿದ್ದು ಒಂದೇ ಕಾಗದ,
ಬಂದರಿನ ಇಲಾಖೆಗೆ. ದೊಡ್ಡ ಹಡಗು ಬರಲೆಂದು
ಕೊಲ್ಲಿಯ ಬಾಯಿ ತೋಡುತ್ತಾರಂತೆ,
ತೋಡಿದ ಹೂಳನ್ನು ನಮ್ಮ ಬಳಚಿನ ಮೇಲೆ ಸುರಿಯುತ್ತಾರಂತೆ.
ಇಳಿತ ಬೆಳಗಿನ ಐದಕ್ಕೆ; ಸೇರಿ ಕೂರಲು ಹೊತ್ತಿಲ್ಲ.
ಹಾಗಾಗಿ ನಾಲ್ಕು ಮನೆ, ನಾಲ್ಕು ಅಡುಗೆಮೇಜು,
ಒಂದು ಹಾಳೆ.

ನನ್ನ ಕಡ್ಡಿ ಹಸಿರು. ಎರುಂದೀನಾಳದು ನೇರಳೆ.
ಉಶಿಯಾಳದು ಹಳದಿ, ಕಣ್ಣಿಗೆ ಸಿಗದಷ್ಟು ತಿಳಿ.
ದೊರಿಂಡಾಳದು ಕಿತ್ತಳೆ: ಉಪ್ಪಿಗೆ ಸೀಳಿದ ಒಂದೇ ಬೆರಳು,
ಒಂದಕ್ಷರ, ಆಮೇಲೆ ಒಂದು ಯುಗ, ಇನ್ನೊಂದಕ್ಷರ.
ಅವಳು ಸಾಲು ಮುಗಿಸುವುದರೊಳಗೆ
ಎರುಂದೀನಾ ಅದನ್ನು ತಿದ್ದಿ ಮುಗಿಸಿರುತ್ತಾಳೆ.
"ನನ್ನ ಕುಂಟೆಯ ಮುಂದೆ ನಿನ್ನ ಕುಂಟೆ ಹಾಕಬೇಡ" ಎಂದು
ಕಾಗದದ ನಟ್ಟನಡುವೆಯೇ ದೊರಿಂಡಾ ಬೈದಳು.
ಅದು ಆರನೆಯ ಕರಡಿನಲ್ಲಿ ಇಂದಿಗೂ ಇದೆ,
ಗೌರವಾನ್ವಿತರೇ ಎಂಬುದರ ಕೆಳಗೆ.

'ಕೋರುತ್ತೇವೆ' ಎಂದೆ ನಾನು.
'ಹೇಳುತ್ತಿದ್ದೇವೆ' ಎಂದಿತು ನೇರಳೆ.
ಹೊಡೆದು ಹಾಕಿದೆ. ಹೊಡೆದು ಹಾಕಿದ್ದನ್ನು ಹೊಡೆದು ಹಾಕಿದಳು.
ಒಂದು ಕ್ರಿಯಾಪದಕ್ಕೆ ಎಷ್ಟು ಗೀರು!
ಅಳಿಸಿದ್ದನ್ನೂ ಉಳಿಸುವ ಯಂತ್ರ ಇದು;
ನನ್ನ ಪುಕ್ಕಲುತನ ಹೆಸರು, ದಿನಾಂಕ, ಗಂಟೆ ಸಮೇತ
ಅಂಚಿನಲ್ಲಿ ನೇತಾಡುತ್ತಿದೆ.

ಆಗ ಕಿತ್ತಳೆ ಕದಲಿತು:
'ಹೂಳು ಬಿದ್ದರೆ ಸೆಕಾಲ್ಬ ಸಾಯುತ್ತದೆ.'
ತಕ್ಷಣ ಪದದಡಿ ಕೆಂಪು ಗೆರೆ, ಅಲೆಅಲೆಯಾಗಿ.

ವರ್ಷಕ್ಕೆ ಎರಡೇ ಮುಂಜಾವು, ಕಡಲು ತೀರಾ ಹಿಂದೆ ಸರಿದಾಗ
ಬೆನ್ನು ತೋರುವ ಮರಳದಿಬ್ಬ.
ಅವಳ ಅಜ್ಜಿ ಅಲ್ಲಿ ನಿಂತೇ ಹೆರಿಗೆನೋವು ತಿಂದವಳು.
ಯಂತ್ರ ಕೇಳಿರಲಿಲ್ಲ. ಬದಲಿಗೆ ಸೂಚಿಸಿತು: 'ಸಲಾಡ್'.

ರಾತ್ರಿ ಹನ್ನೊಂದೂವರೆಗೆ ಫೋನು.
"ನಾನು ತಪ್ಪು ಬರೆದೆನೆ, ಸಬೇಲಾ?"
ಅರವತ್ತು ವರ್ಷ ಆ ಪದದ ಮೇಲೆ ಕಾಲೂರಿ ನಿಂತವಳು.

ಬಲಗುಂಡಿ ಒತ್ತಿದೆ. ಪಟ್ಟಿಯಲ್ಲಿ ಕೊನೆಗೆ,
ನಮ್ಮದೇ ಗಲೀಸಿಯನ್ನಿನಲ್ಲಿ (ಯಾರೋ ಸಂಬಳವಿಲ್ಲದೆ
ಕೂತು ಕನ್ನಡಿಯಂತೆ ತಿರುಗಿಸಿಟ್ಟದ್ದು)
'ನಿಘಂಟಿಗೆ ಸೇರಿಸು'.
ಸೇರಿಸಿದೆ. ಅಲೆ ಇಳಿಯಿತು.
ನನ್ನ ಪರದೆಯಲ್ಲಿ ಮಾತ್ರ. ಅವಳದರಲ್ಲಿ ಇನ್ನೂ ಕೆಂಪು.
ಮನೆ ಮನೆಯಲ್ಲೂ ಬೇರೆಬೇರೆ ಸೇರಿಸಬೇಕಂತೆ.
ಉಶಿಯಾ ಸ್ಕೂಟರು ಹತ್ತಿದಳು,
ಮಂಜಿನಲ್ಲಿ ಒಂದು ಪದ ಹೊತ್ತುಕೊಂಡು.
ಮರಳಿ ಬಂದು, ನಿದ್ದೆಗೆಟ್ಟ ಕಣ್ಣಲ್ಲೇ,
ನಿಘಂಟು ಕಟ್ಟುವವರಿಗೂ ಒಂದು ಸಾಲು ಬರೆದಳಂತೆ.

ಹದಿನೇಳನೆಯ ಕರಡು ಹೋಯಿತು.
'ಹೇಳುತ್ತಿದ್ದೇವೆ' ಉಳಿಯಿತು.
ಇಲಾಖೆ ಇನ್ನೂ ಬಾಯಿ ಬಿಟ್ಟಿಲ್ಲ.
ನಿಘಂಟಿನವರ ಪ್ರಶ್ನೆ ಮಾತ್ರ ಬಂದಿದೆ, ಯಾವನೋ ಅಪರಿಚಿತ:
ಗಂಡೋ ಹೆಣ್ಣೋ? ಬಹುವಚನ ಉಂಟೋ?

ಮೊಣಕಾಲುದ್ದ ನೀರಿನಲ್ಲಿ ದೊರಿಂಡಾ
ಕುಂಟೆ ಊರಿ ನಿಂತು ಯೋಚಿಸಿದಳು.
"ಹೆಣ್ಣು," ಎಂದಳು.
ಮತ್ತೆ ಒಂದು ಯುಗ.
"ಬಹುವಚನವೆ? ಇರುವುದು ಒಂದೇ.
ಹಾಗಂತ ಬರಿ."