ಹಿತ್ತಾಳೆಯ ಉರುಳೆ

ಲೆಂಪಿ, ನಾಲ್ಕನೇ ಹಲಗೆಯೂ ಕೆಟ್ಟಿತು.
‘ಕಾರ್ಹು ಸೌನಾ’ ಎಂದು ಕೊರೆ ಅಂದರೆ
ಕೊನೆಯ ಅಕ್ಷರ ಹಿಂದಿನದರ ತೊಡೆಯೇರಿ ಕೂತಿದೆ,
ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ.

ಹ್ಯಾನ್‌ಕಾಕಿನ ಹಿಮ ಗ್ಯಾರೇಜಿನ ಕಿಟಕಿಗೆ
ಅರ್ಧ ಏರಿದೆ. ಒಳಗೆ ನಾನು, ಹೀಟರು, ಈ ಯಂತ್ರ.
ಟೇಪು ಇಪ್ಪತ್ತನಾಲ್ಕು ಇಂಚು ಅನ್ನುತ್ತದೆ,
ಯಂತ್ರ ಇಪ್ಪತ್ತಮೂರೂ ಮುಕ್ಕಾಲು ಅನ್ನುತ್ತದೆ.
ಆಣೆ ಇಡಲು ಇಬ್ಬರೂ ತಯಾರು.

ಅದಕ್ಕೆ ಕಣ್ಣಿಲ್ಲ, ಈಗ ಗೊತ್ತಾಯಿತು.
ಹಲಗೆಯ ಹೊಟ್ಟೆಗೆ ತಾಗಿ ತಿರುಗುವ
ಬೆರಳುದ್ದದ ಹಿತ್ತಾಳೆ ಉರುಳೆ;
ಅದು ಉರುಳಿದಷ್ಟೇ ಮರ ನಡೆಯಿತು ಎಂಬ ನಂಬಿಕೆ.
ಕುರುಡನ ಕೈಕೋಲು. ಕೋಲು ಜಾರಿದರೆ
ಅವನ ಪಾಲಿಗೆ ಬೀದಿಯೇ ಗಿಡ್ಡ.

ಹಲ್ಲುಜ್ಜುವ ಹಳೇ ಬ್ರಶ್ಶು, ಸ್ಪಿರಿಟ್ಟು:
ಉರುಳೆಯ ಮೈಮೇಲಿನ ಪೈನ್ ಅಂಟು ಕೆರೆದೆ.
ಸವೆದ ಮರಳುಪಟ್ಟಿ ಬದಲಿಸಿದೆ.
ಒತ್ತುವ ತಲೆಯನ್ನು ಇನ್ನರ್ಧ ಸುತ್ತು ಇಳಿಸಿದೆ.
ಐದನೆಯದೂ ಹೋಯಿತು.

ರಾತ್ರಿ ಹನ್ನೊಂದಕ್ಕೆ
ಹೊಸ ಹಲಗೆಯನ್ನು ಮೇಜಿನ ಮೇಲಿಟ್ಟು
ಒಂದು ಮೂಲೆ ಒತ್ತಿದೆ: ಟಕ್.
ಎದುರು ಮೂಲೆ: ಟಕ್.
ಹೀಟರಿನ ಬಗಲಲ್ಲೇ ಪೇರಿಸಿಟ್ಟಿದ್ದೆನಲ್ಲ ಎಲ್ಲವನ್ನೂ,
ಬಿಸಿಗೆ ಮರ ತಿರುಚಿಕೊಂಡಿದೆ, ಎಳ್ಳಷ್ಟು.
ಆ ಎಳ್ಳಿನ ಸಂದಿಯಲ್ಲಿ
ಉರುಳೆ ಸುಮ್ಮನೆ ನಿಂತಿರುತ್ತಿತ್ತು.
ಯಂತ್ರಕ್ಕೆ ಬೈದದ್ದೆಲ್ಲ ವಾಪಸ್ಸು.

ಬೇರೆ ಮರ ತಣ್ಣನೆ ಗೋಡೆಗೆ ಒರಗಿದೆ,
ವಾರ ಅಲ್ಲೇ ಇರಲಿ.
ನೀನೋ, ನಾಲ್ಕನೆಯದನ್ನು ಒಲೆಗೆ ಹಾಕಬೇಡ ಅಂದೆ,
ಮೊಳೆ ಹುಡುಕುತ್ತ:
ಶನಿವಾರ ಆ ಬೆಂಚಿನ ಮೇಲೆ
ನಿನ್ನ ತಮ್ಮಂದಿರು ಬಂದಾಗ
ನಾವೆಲ್ಲ ಕೂರುವುದೂ ಹೀಗೇ ತಾನೆ.