ಮೂರು ಸಲ ಊದಿ

ಬಾಯಿಗೆ ಹೊಸ ರಟ್ಟಿನ ಕೊಳವೆ.
ಎದೆ ತುಂಬ ಎಳಕೊಳ್ಳಿ, ತಡೆಯಿರಿ,
ಈಗ ಒಂದೇ ಏಟಿಗೆ, ಜೋರಾಗಿ,
ಹಸಿ ಸೌದೆ ಹತ್ತದಿದ್ದಾಗ ಒಲೆ ಊದ್ತೀರಲ್ಲ, ಹಾಗೆ.

ಹೀಗೆ ಹೇಳಲು ಶುರುಮಾಡಿ ಮೂರು ವರ್ಷ.
ಶಿಡ್ಲಘಟ್ಟದ ಈ ಗಲ್ಲಿಗಳಲ್ಲಿ ನನ್ನ ಹೆಸರು ಯಾರಿಗೂ ಬೇಡ.
‘ಊದಿಸೋ ಅಮ್ಮ ಬಂದ್ರು’ ಅಂತ
ಮಕ್ಕಳು ಹಬೆಯೊಳಕ್ಕೆ ಓಡುತ್ತವೆ.

ಒಳಗೆ ಗೂಡು ಕುದಿಯುತ್ತಿರುತ್ತದೆ.
ಬೆಂದ ಹುಳುವಿನ ವಾಸನೆಗೆ ಮೊದಲ ವಾರ
ಬುತ್ತಿ ಬಿಚ್ಚಲಾಗಲಿಲ್ಲ ನಮ್ಮ ಡಾಕ್ಟರಿಗೆ.
ನನಗೆ ಮಾತ್ರ
ಯಾಕೋ ಹಸಿವಾಗುತ್ತಿತ್ತು.

ನೂರ ಹದಿನೇಳನೆಯವರು ರಾಶಿದಾಬಿ.
ವಯಸ್ಸು ನಲವತ್ತೊಂದು, ಚರಕದ ಮುಂದೆ ಇಪ್ಪತ್ತಾರು.
ಮೊದಲ ವರ್ಷ ಊದಿದ್ದು ಮುನ್ನೂರ ಹತ್ತು,
ಮರುವರ್ಷ ಇನ್ನೂರ ಎಪ್ಪತ್ತು.
ಕೆಂಪು ಮುಳ್ಳು ಹಿಂದೆಯೇ ನಿಂತಾಗ
ತಕ್ಕಡಿಯವನನ್ನು ನೋಡುವಂತೆ ನನ್ನನ್ನು ನೋಡಿದರು:
‘ಗೂಡಿನ ಮಾರ್ಕೆಟ್ಟಲ್ಲೂ ಹಿಂಗೇ,
ನಮ್ದು ಯಾವತ್ತೂ ತೂಕ ಕಮ್ಮಿ.’

ಆಮೇಲೆ ರಕ್ತ. ಐದು ಮಿಲಿ.
ಐಸಿನ ಡಬ್ಬಿಯಲ್ಲಿ ಹನ್ನೆರಡರ ಬಸ್ಸಿಗೆ ಹೋಗಬೇಕು.
‘ಇದ್ರಾಗೆ ಏನು ಹುಡುಕ್ತೀರಿ?’
ಒಂದು ಗುರುತು, ಅಂದೆ.
ಈ ಹುಳುವನ್ನು ನಿಮ್ಮ ಮೈ
ಶತ್ರು ಅಂದುಕೊಂಡಿದೆಯಾ ಅಂತ.
ನಕ್ಕರು. ನಗು ಕೆಮ್ಮಿಗೆ ತಿರುಗಿತು,
ಕೆಮ್ಮು ನಿಲ್ಲುವವರೆಗೆ ಪೆನ್ನು ಮುಚ್ಚಿ ಕಾದೆ.
‘ದಿನಾ ಬೇಯ್ಸೋರು ನಾವು.
ಯಾರಿಗೆ ಯಾರಮ್ಮಾ ಶತ್ರು?’

ಅಪಾಯದ ಅಂಶಗಳು, ಪುಟ ಎರಡು.
ಬೀಡಿ? ಇಲ್ಲ. ಮನೆಯಲ್ಲಿ ಸೇದುವವರು? ಮಾವ,
ಹೋಗಿ ಎಂಟು ವರ್ಷವಾಯಿತು.
ಗ್ಯಾಸು? ಇದೆ, ಉಳಿಸ್ತೀವಿ.
ಕೆಲಸದ ಜಾಗದಲ್ಲಿ ಕಿಟಕಿ ಎಷ್ಟು?
‘ತಗಡಿನ ತೂತು ಸೇರಿಸ್ಲಾ?’
ಸೇರಿಸಲು ಜಾಗವಿಲ್ಲ. ಅಂಚಿನಲ್ಲಿ ಬರೆದೆ.
ಅಂಚಿನಲ್ಲಿ ಬರೆದದ್ದನ್ನು
ಕಂಪ್ಯೂಟರು ಓದುವುದಿಲ್ಲವಂತೆ.

ಹೋಲಿಸಿ ನೋಡಲು ರೀಲಿಂಗಿನ ಗಾಳಿ ಸೋಕದವರು ಬೇಕಿತ್ತು,
ಅರವತ್ತು ಜನ.
ಟೈಲರಮ್ಮ, ಅಂಗನವಾಡಿಯವರು, ಹೂ ಕಟ್ಟುವ ಅಕ್ಕತಂಗಿಯರು,
ಹುಡುಕಿ ಹುಡುಕಿ ಐವತ್ತೊಂಬತ್ತಾಯಿತು.
‘ನೀವೇ ಊದಿಬಿಡಿ’ ಎಂದರು ಡಾಕ್ಟರು.
ಚರಕ ತಿರುಗಿಸಿದ್ದೀರಾ? ಇಲ್ಲ.
ಗೂಡು ಬೇಯಿಸಿದ್ದೀರಾ? ಇಲ್ಲ.
ಎರಡೂ ನಿಜ.

ಊದಿದೆ. ಇನ್ನೂರ ತೊಂಬತ್ತು.
‘ತುಟಿ ಬಿಗಿಯಾಗಿ ಹಿಡೀಲಿಲ್ಲ ನೀವು.’
ಎಲ್ಲರಿಗೂ ನಾನು ಹೇಳುವ ಮಾತು
ನನ್ನ ಕಿವಿಗೇ ಬಂತು.
ಇನ್ನೊಮ್ಮೆ. ಇನ್ನೂರ ಎಂಬತ್ತೈದು.
ಮತ್ತೆ ಇನ್ನೂರ ತೊಂಬತ್ತು.
ಮೂರರಲ್ಲಿ ಹೆಚ್ಚಿನದನ್ನು ಬರೆಯುವುದು ನಿಯಮ.
ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

ಆಗ ಹೇಳಿದೆ.
ಅಮ್ಮ ಕೂಲಿಗಿದ್ದ ಶೆಡ್ಡಿನಲ್ಲಿ
ಬೇಸಿನ್ನಿನ ಮೇಲಿನ ತೊಲೆಗೆ ಸೀರೆಯ ಜೋಲಿ ಕಟ್ಟಿ
ನನ್ನನ್ನು ಮಲಗಿಸುತ್ತಿದ್ದಳು.
ಕೆಳಗಿಂದ ಹಬೆ ಬೆಚ್ಚಗೆ ಬರುತ್ತಿತ್ತು.
ಅಳದ ಮಗು ಅಂತ ಹೆಸರಿತ್ತು ನನಗೆ.

ಡಾಕ್ಟರು ಒಂದು ಗೆರೆ ಎಳೆದು
‘ಕೈಬಿಟ್ಟಿದೆ’ ಅಂತ ಬರೆದರು.
ಕಾರಣ ಬರೆಯುವ ಜಾಗದಲ್ಲಿ
ಜೋಲಿ ಅನ್ನಲಿಲ್ಲ. ಬೇರೇನೋ ಉದ್ದದ್ದು.

ಈ ವರ್ಷ ರಾಶಿದಾಬಿಯದು ಇನ್ನೂರ ನಲವತ್ತೈದು.
ಬರೆದು ಚೀಲ ಮುಚ್ಚುವಾಗ ಕೇಳಿದರು,
ಮೂರು ವರ್ಷದಲ್ಲಿ, ಇನ್ನೂರು ಮನೆಗಳಲ್ಲಿ
ಯಾರೂ ಕೇಳದ್ದು:
‘ನಿಮ್ದೆಷ್ಟು?’

ಹೇಳಿದೆ.
ಅವರು ಏನೂ ಅನ್ನಲಿಲ್ಲ.
ಎಡಗೈ ಎಳೆ ಬಿಡಲಿಲ್ಲ,
ಬಲಗೈಯಿಂದ ಪಕ್ಕದ ಮಣೆಯನ್ನು
ಬಾಗಿಲ ಕಡೆಗೆ, ತಗಡಿನ ತೂತಿನ ಕೆಳಕ್ಕೆ ತಳ್ಳಿದರು.
‘ಇಲ್ಲಿ ಕೂತ್ಕೊಂಡು ಬರ್ಕಳಿ.
ಸ್ವಲ್ಪ ಗಾಳಿ ಬರ್ತದೆ.’